ತಪ್ಪು ಕೈಯದೋ ತಲೆಯದೋ

ಕೈ ನಡುಗುವವನಿಗೆ ಒಂದಿಷ್ಟು ಮರೆವೂ ಸೇರಿಕೊಂಡರೆ ಮಂಡ್ಯದಲ್ಲಿ ಕಾಯಿಲೆಯ ಹೆಸರು ಹೇಳಲು ಡಾಕ್ಟರೇ ಬೇಕಿಲ್ಲ. ಟೀ ಅಂಗಡಿ ಮುಂದೆ ನಿಂತವರೇ ಹೇಳಿಬಿಡುತ್ತಾರೆ: "ಪಾರ್ಕಿನ್ಸನ್ನು ಕಣಣ್ಣ ಅದು, ನಮ್ ಭಾವಂಗೂ ಹಿಂಗೇ ಸುರುವಾಗಿದ್ದು." ನನಗಿರುವುದು ಅದಲ್ಲ, ಎಸೆನ್ಷಿಯಲ್ ಟ್ರೆಮರ್. ಪಾರ್ಕಿನ್ಸನ್ ನಡುಕ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುವಾಗ ಜಾಸ್ತಿ, ಸಾಮಾನ್ಯವಾಗಿ ಒಂದು ಪಕ್ಕದಲ್ಲಿ ಶುರುವಾಗುತ್ತದೆ. ನನ್ನ ಕೈ ಸುಮ್ಮನಿದ್ದಾಗ ಸುಮ್ಮನೇ ಇರುತ್ತದೆ. ಲೋಟ ಎತ್ತಿದಾಗ, ಪೆನ್ನು ಹಿಡಿದಾಗ, ಬೀಗಕ್ಕೆ ಕೀಲಿ ತೂರಿಸಲು ಹೋದಾಗ ಎರಡೂ ಕೈ ನಡುಗುತ್ತವೆ.

ಇದು ನಮ್ಮ ಮನೆಯಲ್ಲಿ ಹೊಸದೇನಲ್ಲ. ಅಪ್ಪ ಬೀಡಿ ಹಚ್ಚಲು ಕಡ್ಡಿ ಗೀರಿದರೆ ಬೆಂಕಿ ಬೀಡಿಯ ತುದಿ ಹುಡುಕುತ್ತ ಅಲೆಯುತ್ತಿತ್ತು. ಎಷ್ಟೋ ಸಲ ತುದಿ ಸಿಗುವ ಮೊದಲೇ ಬೆರಳು ಸುಡುತ್ತಿತ್ತು. ದೊಡ್ಡತ್ತೆಗೆ ನಡುಕ ಕೈಗಲ್ಲ, ತಲೆಗೆ. ಬೇಡ ಬೇಡ ಎನ್ನುವಂತೆ ಅಡ್ಡಡ್ಡ ಆಡುತ್ತಿತ್ತು. ಮದುವೆ ಮನೆಯಲ್ಲಿ ಬಡಿಸುವ ಹುಡುಗರು ಸಾಕು ಅಂದುಕೊಂಡು ಮುಂದೆ ಹೋಗುತ್ತಿದ್ದರು, ಅತ್ತೆ ಎಲೆ ಮುಂದೆ ಕೂತು ಬೈಯುತ್ತಿದ್ದರು. ವಂಶದಲ್ಲಿ ಇಳಿದು ಬರುವ ಕಾಯಿಲೆ ಅಂತ ಆಗ ಯಾರಿಗೂ ಹೊಳೆಯಲಿಲ್ಲ. ವಯಸ್ಸಾಯ್ತು, ನರ ದುರ್ಬಲ, ಅಷ್ಟೇ.

ನಾನು ಬ್ಯಾಂಕಿನಲ್ಲಿದ್ದವನು. ಹೆಚ್ಚು ಕಾಲ ಮಂಡ್ಯ ಜಿಲ್ಲೆಯ ಶಾಖೆಗಳಲ್ಲೇ ಕಳೆದೆ. ಕಬ್ಬಿನ ಬಟವಾಡೆ ಬಂದ ವಾರ ಕೌಂಟರಿನ ಸಾಲು ಬಾಗಿಲು ದಾಟಿ ರಸ್ತೆಗೆ ಇಳಿಯುತ್ತಿತ್ತು. ನನ್ನ ಕೈ ನಡುಗಲು ಶುರುವಾಗುವ ಹೊತ್ತಿಗೆ ನೋಟು ಎಣಿಸುವ ಯಂತ್ರ ಬಂದಿತ್ತು, ಬಚಾವಾದೆ. ಸಹಿಯದೇ ಕಷ್ಟವಾಗಿದ್ದು. ಸಹಿ ಹೊಂದುತ್ತಿಲ್ಲ ಎಂದು ಬೇರೆಯವರ ಚೆಕ್ಕು ವಾಪಸ್ ಮಾಡುತ್ತಿದ್ದವನ ಚೆಕ್ಕೇ ನಿವೃತ್ತಿಯ ನಂತರ ವಾಪಸ್ ಬಂತು. ಹುಡುಗ ಕೌಂಟರಿನ ಆಚೆಯಿಂದ "ಸಾರ್, ನಿಧಾನಕ್ಕೆ ಇನ್ನೊಂದ್ಸಲ ಹಾಕಿ" ಅಂದ. ಇನ್ನೊಬ್ಬರು ನೋಡುತ್ತಿದ್ದಾರೆ ಅಂದರೆ ಈ ನಡುಕ ಹೆಚ್ಚುತ್ತದೆ, ಅದು ಅವನಿಗೆ ಹೇಗೆ ಗೊತ್ತಾಗಬೇಕು.

ಅಲ್ಲಿಯವರೆಗೆ ಎಲ್ಲ ಕೈಯ ಕಥೆ. ಅರವತ್ತೈದು ದಾಟಿದ ಮೇಲೆ ಬೇರೆ ಥರದ ತಡವರಿಕೆ ಶುರುವಾಯಿತು. ಫೋನಿಗೆ ಓಟಿಪಿ ಬರುತ್ತದೆ, ಆರು ಅಂಕಿ. ಓದಿಕೊಳ್ಳುತ್ತೇನೆ. ಆ ಪರದೆಯಿಂದ ಈ ಪರದೆಗೆ ಬರುವಷ್ಟರಲ್ಲಿ ಕೊನೆಯ ಎರಡು ಅಂಕಿ ಮಾಯ. ಮತ್ತೆ ನೋಡಿಕೊಂಡು ಬಂದರೆ ಬೆರಳು ಐದರ ಬದಲು ಎಂಟನ್ನು ಒತ್ತುತ್ತದೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮನೆಯವರು ಕೈಯನ್ನು ನೋಡಿ "ಪಾಪ" ಅನ್ನುತ್ತಾರೆ. ಮೊದಲು ಜಾರಿದ್ದು ಅಂಕಿ, ಬೆರಳು ಆಮೇಲೆ ಎನ್ನುವುದು ನನಗೊಬ್ಬನಿಗೇ ಗೊತ್ತು.

ಹಳೆಯದೇನೂ ಮರೆತಿರಲಿಲ್ಲ. ಯಾವ ಶಾಖೆಯಲ್ಲಿ ಯಾರ ಹತ್ತಿರ ಲಾಕರಿನ ಕೀಲಿ ಇರುತ್ತಿತ್ತು ಅಂತ ಈಗಲೂ ಹೇಳಬಲ್ಲೆ. ಆಗದೆ ಇದ್ದದ್ದು ಎರಡು ಕೆಲಸವನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳುವುದು. ಪೇಟೆ ಬೀದಿಯಲ್ಲಿ ತರಕಾರಿಯವಳು ಲೆಕ್ಕ ಹೇಳುತ್ತಿರುವಾಗ ಪಕ್ಕದಲ್ಲೊಬ್ಬರು ನಮಸ್ಕಾರ ಅಂದರೆ ಸಾಕು, ಲೆಕ್ಕ ತಪ್ಪುತ್ತಿತ್ತು. ಹತ್ತು ಜನ ಮಾತಾಡುವ ಜಾಗದಲ್ಲಿ ಮಾತಿನ ಎಳೆ ಕೈಬಿಟ್ಟುಹೋಗುತ್ತಿತ್ತು. ಬಾಯಿಗೆ ಬರಬೇಕಾದ ಪದ ಬರದೆ "ಅದು, ಅದೇ, ಆ ಇದು" ಅನ್ನುವುದು ಜಾಸ್ತಿಯಾಯಿತು.

ಊರಿನಲ್ಲೊಬ್ಬ ಡಾಕ್ಟರಿಗೆ ತೋರಿಸಿದೆ. ಹೆಸರು ಬೇಡ. ಅವರು ನನ್ನ ಕೈಯನ್ನು ಮೇಜಿನ ಆಚೆಯಿಂದಲೇ ನೋಡಿ, ಮರೆವೂ ಇದೆ ಎಂದು ಕೇಳಿಸಿಕೊಂಡು, ಪಾರ್ಕಿನ್ಸನ್ನಿಗೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಬರೆದರು. ನಡುಕ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಮಲಬದ್ಧತೆ. ಮಧ್ಯಾಹ್ನವೆಲ್ಲ ಮಂಪರು. ಒಂದು ಸಂಜೆ ನೂರಡಿ ರಸ್ತೆಯಲ್ಲಿ ನಿಂತು, ಮನೆಯಿಂದ ಯಾಕೆ ಹೊರಟೆ ಎಂದು ನೆನಪಾಗದೆ ಬರಿಗೈಯಲ್ಲಿ ವಾಪಸ್ ಬಂದೆ. ಆ ರಾತ್ರಿ ಹೆಂಡತಿ ಮೈಸೂರಿನಲ್ಲಿರುವ ಮಗಳಿಗೆ ಫೋನು ಮಾಡಿದಳು. "ಅಮ್ಮಾ, ಆ ಮಾತ್ರೆ ಚೀಟಿ ಫೋಟೋ ಕಳಿಸು, ಆಮೇಲೆ ಅಪ್ಪನ್ನ ಕರ್ಕೊಂಡು ಬಾ" ಎಂದು ಅವಳು ಹೇಳಿದ್ದು ನನಗೂ ಕೇಳಿಸಿತು.

ಮೈಸೂರಿನ ದೊಡ್ಡ ಆಸ್ಪತ್ರೆಯೊಂದರ ನರರೋಗ ವಿಭಾಗ. ಮಂಡ್ಯದಿಂದ ಬೆಳಗಿನ ರೈಲು ಹಿಡಿದರೆ ಶ್ರೀರಂಗಪಟ್ಟಣ ದಾಟಿ ತಿಂಡಿ ಹೊತ್ತಿಗೆ ಮೈಸೂರು. ಅಲ್ಲಿಯ ಡಾಕ್ಟರು ಮೊದಲು ಕೇಳಿದ್ದು ಮಾತ್ರೆಗಳ ಬಗ್ಗೆ. ಮಗಳು ಚೀಟಿ ಮುಂದಿಟ್ಟಳು. ಈ ಮಾತ್ರೆ ಮೆದುಳಿನಲ್ಲಿ ಅಸೆಟೈಲ್‌ಕೋಲಿನ್ ಎನ್ನುವ ರಾಸಾಯನಿಕದ ಕೆಲಸಕ್ಕೆ ಅಡ್ಡ ಬರುತ್ತದೆ, ನೆನಪು ಉಳಿಯಬೇಕಾದರೆ ಬೇಕಿರುವುದೂ ಅದೇ, ವಯಸ್ಸಾದವರಲ್ಲಿ ಇದರಿಂದಲೇ ಮರೆವು, ಗಲಿಬಿಲಿ ಕಾಣಿಸಿಕೊಳ್ಳಬಹುದು ಎಂದು ವಿವರಿಸಿದರು. ತಟ್ಟನೆ ನಿಲ್ಲಿಸಬೇಡಿ, ಇಳಿಸುತ್ತ ಬನ್ನಿ ಎಂದು ಬರೆದುಕೊಟ್ಟರು.

ಆಮೇಲೆ ಕೈ ನೋಡಿದರು. ಚಾಚಿಸಿ ನೋಡಿದರು, ಮಡಿಲಲ್ಲಿ ಇಡಿಸಿ ನೋಡಿದರು, ಮೊಣಕೈ ಮಡಿಸಿ ಬಿಡಿಸಿ ಬಿಗಿತ ಇದೆಯೇ ಎಂದು ನೋಡಿದರು. ನನ್ನ ಬೆರಳಿನಿಂದ ಅವರ ಬೆರಳು, ಅಲ್ಲಿಂದ ನನ್ನ ಮೂಗು. ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿಯಲು ಹೇಳಿದಾಗ ಅರ್ಧ ಮೇಜಿಗೆ ಹೋಯಿತು. ಕಾಗದದ ಮೇಲೆ ಒಳಗಿನಿಂದ ಹೊರಕ್ಕೆ ಸುರುಳಿ ಬರೆಯಿರಿ, ಕೈ ಮೇಜಿಗೆ ತಾಗಬಾರದು ಅಂದರು. ಬರೆದೆ. ಗೆರೆ ಉದ್ದಕ್ಕೂ ಹಲ್ಲುಹಲ್ಲಾಗಿ ಬಂತು. ಒಂದು ಸಾಲು ಕನ್ನಡವನ್ನೂ ಬರೆಸಿದರು. ಪಾರ್ಕಿನ್ಸನ್ನಿನಲ್ಲಿ ಅಕ್ಷರ ಸಾಲು ಸಾಗಿದಂತೆ ಸಣ್ಣದಾಗುತ್ತದೆಯಂತೆ, ನನ್ನದು ದೊಡ್ಡದಾಗಿಯೇ ಇತ್ತು, ಅಂಕುಡೊಂಕು ಮಾತ್ರ. ಒಂದು ಹೆಜ್ಜೆಯ ಹಿಮ್ಮಡಿಗೆ ಇನ್ನೊಂದು ಹೆಜ್ಜೆಯ ತುದಿ ತಾಗಿಸಿ ನೇರ ನಡೆಯಿರಿ ಎಂದಾಗ ವಾಲಿದೆ, ಮಗಳು ಹಿಡಿದುಕೊಂಡಳು.

"ಸರ್, ಒಂಚೂರು ಗುಂಡು ಹಾಕಿದ್ರೆ ನಡುಕ ಕಮ್ಮಿ ಆಗುತ್ತಾ?" ಎಂದು ಕೇಳಿದರು. ಹೆಂಡತಿ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು. ಕಮ್ಮಿಯಾಗುತ್ತದೆ ಅಂದೆ. ಈ ಕಾಯಿಲೆಯ ಹಲವರಲ್ಲಿ ಹಾಗಾಗುತ್ತದೆ, ಇಳಿದ ಮೇಲೆ ನಡುಕ ಇನ್ನೂ ಹೆಚ್ಚುತ್ತದೆ, ಹಾಗಾಗಿ ಅದನ್ನು ಔಷಧಿ ಅಂದುಕೊಳ್ಳುವಂತಿಲ್ಲ ಎಂದರು. ಹೆಂಡತಿಗೆ ಸಮಾಧಾನವಾಯಿತು.

ರಕ್ತ ತೆಗೆದರು. ಥೈರಾಯ್ಡ್ ಹೆಚ್ಚಾದರೂ ಕೈ ನಡುಗುತ್ತದೆ, ಬಿ12 ಕಡಿಮೆಯಾದರೂ ಮರೆವು ಬರುತ್ತದೆ, ಎರಡೂ ನೋಡಬೇಕು. ಎಂಆರ್‌ಐ ಆಯಿತು. ಅದರ ಶಬ್ದದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದದ್ದು ಮಾತ್ರ ನನಗೆ ಅನಿರೀಕ್ಷಿತ. ಕಿವಿಗೆ ಸರಿಯಾಗಿ ಬೀಳದ ಪದವನ್ನು ತಲೆ ನೆನಪಿಟ್ಟುಕೊಳ್ಳುವುದು ಹೇಗೆ ಎಂದು ಅವರು ಕೇಳಿದಾಗ ಸರಿ ಅನ್ನಿಸಿತು. ಎಡಗಿವಿ ಮಂದವಾಗಿತ್ತು. ಹತ್ತು ಜನರ ಮಾತಿನಲ್ಲಿ ಎಳೆ ತಪ್ಪುತ್ತಿದ್ದುದರಲ್ಲಿ ಅದರ ಪಾಲೂ ಇತ್ತು.

ಮೊದಲ ದಿನವೇ ಒಬ್ಬ ಕಿರಿಯ ಡಾಕ್ಟರು ನೆನಪು, ಗಮನ ಇಂಥವನ್ನು ಅಳೆಯುವ ಮೋಕಾ ಎನ್ನುವ ಮೂವತ್ತು ಅಂಕದ ಪರೀಕ್ಷೆ ಮಾಡಿದ್ದರು. ಇಪ್ಪತ್ತಾರು ಬಂದರೆ ಸಹಜ, ಅದಕ್ಕಿಂತ ಕಡಿಮೆಯಾದರೆ ಮುಂದೆ ನೋಡಬೇಕು ಎಂಬ ಲೆಕ್ಕ. ಅದರಲ್ಲಿ ಅಂಕಿ ಅಕ್ಷರ ಸೇರಿಸುತ್ತ ಗೆರೆ ಎಳೆಯಬೇಕು, ಘನಾಕೃತಿ ನೋಡಿ ಬರೆಯಬೇಕು, ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಬೇಕು. ಮೂರೂ ಪೆನ್ನಿನ ಕೆಲಸ. ಗಡಿಯಾರದ ವೃತ್ತ ನಡುಗಿದ್ದಕ್ಕೆ ಆತ ಸೊನ್ನೆ ಹಾಕಿದ, ಘನಾಕೃತಿಗೂ ಸೊನ್ನೆ. ನಾನು ಬ್ಯಾಂಕಿನವನು, ಅಂಕಿ ತಲೆಕೆಳಗಿದ್ದರೂ ಓದುತ್ತೇನೆ. ಎದುರಿಗೆ ಕೂತೇ ಲೆಕ್ಕ ಹಾಕಿದೆ. ಎಲ್ಲ ಖರ್ಚನ್ನೂ ತಲೆಯ ಖಾತೆಗೆ ಬರೆದುಬಿಟ್ಟ ಹಾಗಿತ್ತು. ಮನೆಯಲ್ಲಿ ಅಷ್ಟು ದಿನ ಎಲ್ಲವನ್ನೂ ಕೈಯ ಖಾತೆಗೆ ಬರೆಯುತ್ತಿದ್ದರು, ಇಲ್ಲಿ ಉಲ್ಟಾ.

ವಿವರವಾದ ಪರೀಕ್ಷೆ ಆದದ್ದು ಹಳೆಯ ಮಾತ್ರೆ ಪೂರ್ತಿ ನಿಂತ ಮೇಲೆ. ಅಷ್ಟು ಕಾಯಲೇಬೇಕು ಎಂದು ಹೇಳಿದ್ದೇ ಕ್ಲಿನಿಕಲ್ ಸೈಕಾಲಜಿಸ್ಟ್. ಮಗಳ ವಯಸ್ಸಿನ ಹೆಣ್ಣುಮಗಳು, ಮೈಸೂರು ಕನ್ನಡ, ಅವಸರವಿಲ್ಲ. ಮೋಕಾ ಹಾಳೆ ತಿರುವಿ ನೋಡಿ, "ಸರ್, ಇಲ್ಲಿ ಗೆರೆ ನಡುಗಿರೋದಕ್ಕೆ ನಾನು ಅಂಕ ಕಳೆಯಲ್ಲ. ಅಂಕಿಗಳು ಅದರದರ ಜಾಗದಲ್ಲಿವೆಯಾ, ಮುಳ್ಳು ಸರಿಯಾದ ಕಡೆ ತೋರಿಸ್ತಾ, ಅದಷ್ಟೇ ನನಗೆ ಮುಖ್ಯ" ಅಂದರು. ಈ ಒಂದು ಮಾತಿಗಾಗಿ ನಾನು ಎಷ್ಟು ದಿನದಿಂದ ಕಾದಿದ್ದೆನೋ.

ಪರೀಕ್ಷೆ ಮಧ್ಯಾಹ್ನದ ಊಟದವರೆಗೂ ನಡೆಯಿತು. ಪದಗಳ ಪಟ್ಟಿಯೊಂದನ್ನು ಓದಿ ಹೇಳುತ್ತಾರೆ, ತಿರುಗಿ ಹೇಳಬೇಕು; ಬೇರೆ ಕೆಲಸ ಕೊಟ್ಟು ಅರ್ಧ ಗಂಟೆ ಬಿಟ್ಟು ಮತ್ತೆ ಕೇಳುತ್ತಾರೆ. ಅಂಕಿಗಳನ್ನು ಹೇಳಿದ ಕ್ರಮದಲ್ಲಿ ಒಪ್ಪಿಸಿದೆ, ಹಿಂದುಮುಂದಾಗಿ ಹೇಳಿ ಎಂದಾಗ ನಾಲ್ಕಕ್ಕೇ ನಿಂತೆ. ಓಟಿಪಿಯ ಸಂಕಟ ಅಲ್ಲಿ ಬಯಲಾಯಿತು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಅಂದರು. ಹಸು, ಎಮ್ಮೆ, ಆಡು, ಕುರಿ, ಎತ್ತು ಎಂದು ಹಟ್ಟಿಯಲ್ಲೇ ಸುತ್ತಿ ಸುಮ್ಮನಾದೆ. ಆಮೇಲೆ ಮೃಗಾಲಯ ನೆನಪಾಗಿ ಆನೆ, ಹುಲಿ, ಜಿರಾಫೆ ಬಂದವು. ಒಂದು ಗುಂಪಿನಿಂದ ಇನ್ನೊಂದಕ್ಕೆ ಎಷ್ಟು ಬೇಗ ಜಿಗಿಯುತ್ತೇನೆ ಎನ್ನುವುದನ್ನೂ ಅವರು ಗುರುತು ಹಾಕಿಕೊಳ್ಳುತ್ತಿದ್ದರಂತೆ. ಒಂದೇ ಅಕ್ಷರದಿಂದ ಶುರುವಾಗುವ ಪದ ಹೇಳುವುದು ಇನ್ನೂ ಕಷ್ಟವಾಯಿತು.

ಹಸಿರು ಶಾಯಿಯಲ್ಲಿ ಕೆಂಪು ಅಂತ ಬರೆದಿರುತ್ತದೆ. ಪದ ಓದಬಾರದು, ಶಾಯಿಯ ಬಣ್ಣ ಹೇಳಬೇಕು. ನಾಲಿಗೆ ಪದವನ್ನೇ ಓದುತ್ತದೆ. ಅದನ್ನು ಹಿಡಿದು ನಿಲ್ಲಿಸುವಷ್ಟರಲ್ಲಿ ಬೆವರು. ಅಂಕಿ ಅಕ್ಷರ ಸೇರಿಸುವ ಪರೀಕ್ಷೆಯನ್ನು ಕಾಗದದ ಮೇಲೆ ಮಾಡಿಸದೆ ಬಾಯಲ್ಲಿ ಹೇಳಿಸಿದರು: ಒಂದು, ಅ, ಎರಡು, ಆ, ಮೂರು, ಇ. ಪೆನ್ನಿಲ್ಲ, ಕೈಯಿಲ್ಲ. ಆದರೂ ಏಳರ ಹತ್ತಿರ ತೊದಲಿದೆ. ಇನ್ನು ಕೈಯ ಮೇಲೆ ಹೊರಿಸಲು ಏನೂ ಉಳಿದಿರಲಿಲ್ಲ. ಒಂಥರಾ ಭಯ, ಜೊತೆಗೇ ಒಂಥರಾ ಹಗುರ.

ಬಳಿಕ ಹೆಂಡತಿಯನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದರು. ನಾನೂ ಅಲ್ಲೇ ಇದ್ದೆ. ತಾವೇ ಬಟ್ಟೆ ಹಾಕಿಕೊಳ್ಳುತ್ತಾರಾ, ಊಟ ಮಾಡುತ್ತಾರಾ, ಹಣಕಾಸು ನೋಡಿಕೊಳ್ಳುತ್ತಾರಾ ಎನ್ನುವ ಪಟ್ಟಿ.

"ಇಲ್ಲ ಮೇಡಂ, ಶರ್ಟಿನ ಗುಂಡಿ ನಾನೇ ಹಾಕ್ತೀನಿ, ಸಾರನ್ನೂ ನಾನೇ ಕಲಸಿಕೊಡ್ತೀನಿ."

"ಅವರ ಕೈ ನಡುಗುತ್ತೆ ಅಂತ ಹಾಕ್ತೀರೋ, ಅವರಿಗೆ ಹೇಗೆ ಹಾಕೋದು ಅಂತ ತೋಚಲ್ಲ ಅಂತಾನೋ?"

"ಅಯ್ಯೋ, ತೋಚದೇನು. ಯಾವ ಶರ್ಟಿಗೆ ಯಾವ ಗುಂಡಿ ಬಿದ್ದೋಗಿದೆ ಅಂತ ಅವರೇ ಹೇಳ್ತಾರೆ."

ಆಕೆ ನಗುತ್ತ ಏನೋ ಬರೆದುಕೊಂಡರು. ಈ ಪ್ರಶ್ನೆ ಎಷ್ಟು ದೊಡ್ಡದು ಎನ್ನುವುದು ಆಮೇಲೆ ತಿಳಿಯಿತು. ಪರೀಕ್ಷೆಯಲ್ಲಿ ಅಂಕ ಕಡಿಮೆಯಾಗಿ, ದಿನದ ಬದುಕು ತನ್ನಷ್ಟಕ್ಕೆ ನಡೆಯುತ್ತಿದ್ದರೆ ಅದು ಅರಿವಿನ ಸೌಮ್ಯ ಕುಂದು. ದಿನದ ಬದುಕಿಗೇ ಇನ್ನೊಬ್ಬರು ಬೇಕಾದರೆ ಡಿಮೆನ್ಷಿಯಾ ಕಡೆಗೆ ವಾಲುತ್ತದೆ. ನನ್ನಂಥವನಿಗೆ ಗುಂಡಿಗೂ ಊಟಕ್ಕೂ ಇನ್ನೊಬ್ಬರು ಬೇಕು, ಅದು ಕೈಯಿಂದ. ಕೇಳುವವರು "ಯಾಕೆ" ಅನ್ನದೆ ಹೌದು ಇಲ್ಲಕ್ಕೆ ಗುರುತು ಹಾಕುತ್ತ ಹೋದರೆ ಇಲ್ಲದ ಡಿಮೆನ್ಷಿಯಾ ಹಾಳೆಯ ಮೇಲೆ ಬಂದು ಕೂರುತ್ತದೆ. ಇದಕ್ಕಾಗಿಯೇ ಈ ಬರಹ ಬರೆಯಲು ಕೂತೆ ಎಂದರೂ ತಪ್ಪಿಲ್ಲ.

ಮನಸ್ಸಿನ ಬಗ್ಗೆಯೂ ಕೇಳಿದರು. ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಿದ್ದೆ. ಎಲ್ಲರೆದುರು ಪಾಯಸದ ಲೋಟ ಎತ್ತಲು ಯಾರಿಗೆ ಬೇಕು. ಖಿನ್ನತೆಯಿದ್ದರೂ ತಲೆ ನಿಧಾನವಾಗುತ್ತದೆ, ನನಗೆ ಅಷ್ಟು ಇಲ್ಲ ಎಂದು ತೀರ್ಮಾನವಾಯಿತು.

ಫಲಿತಾಂಶ ಹೀಗೆ. ಭಾಷೆ, ದಿಕ್ಕು, ಜಾಗದ ಅಂದಾಜು ಚೆನ್ನಾಗಿವೆ. ಪದಗಳ ಪಟ್ಟಿ ತಾನಾಗಿ ನೆನಪಿಗೆ ಬಂದದ್ದು ಕಡಿಮೆ, ಸುಳಿವು ಕೊಟ್ಟರೆ ಬಹುಪಾಲು ಬಂತು. ಅಂದರೆ ಒಳಗೆ ಇದೆ, ಎತ್ತಿಕೊಳ್ಳುವುದು ತಡ. ಗಮನ, ಒಂದರಿಂದ ಇನ್ನೊಂದಕ್ಕೆ ಹೊರಳುವುದು, ಯೋಜನೆ, ವೇಗ ಇವು ನನ್ನ ವಯಸ್ಸಿಗೂ ಓದಿಗೂ ಇರಬೇಕಾದ್ದಕ್ಕಿಂತ ಕೆಳಗೆ. ಸೌಮ್ಯ ಕುಂದು. ಮಾತ್ರೆ ನಿಲ್ಲಿಸಿದ್ದರಿಂದ ಮಂಪರು, ಗಲಿಬಿಲಿ ಹೋಗಿತ್ತು. ಉಳಿದದ್ದು ಮಾತ್ರೆಯದಲ್ಲ.

ಹಾಗಾದರೆ ನಡುಕಕ್ಕೂ ಇದಕ್ಕೂ ನಂಟಿದೆಯೇ ಎಂದು ಡಾಕ್ಟರನ್ನು ಕೇಳಿದೆ. ಅವರು ಹೇಳಿದ್ದು ಮತ್ತು ಆಮೇಲೆ ನಾನು ಓದಿಕೊಂಡದ್ದು ಸೇರಿಸಿ ಬರೆಯುತ್ತೇನೆ. ಈ ನಡುಕದಲ್ಲಿ ತಲೆಯ ಹಿಂಭಾಗದ ಕಿರುಮೆದುಳು, ನಡುವಿನ ಥಲಾಮಸ್, ಅಲ್ಲಿಂದ ಹೊರಪದರ, ಈ ಸುತ್ತಿನ ತಂತಿಗಳಲ್ಲಿ ತೊಂದರೆ. ಕಿರುಮೆದುಳು ಅಂದರೆ ಸಮತೋಲನ, ಚಲನೆ, ಅಷ್ಟೇ ಎಂದು ಬಹಳ ಕಾಲ ಪಾಠ ಮಾಡುತ್ತಿದ್ದರು. ಅದಕ್ಕೆ ಹಣೆಯ ಹಿಂದಿನ ಮುಂಭಾಗದ ಮೆದುಳಿನ ಜೊತೆಗೂ ಸಂಪರ್ಕವಿದೆ. ಕಿರುಮೆದುಳು ಕೆಟ್ಟವರಲ್ಲಿ ಯೋಜನೆ, ಪದ ಹುಡುಕಾಟ, ಸ್ವಭಾವ ಏರುಪೇರಾಗುವುದನ್ನು ಶ್ಮಾಮನ್ ಮತ್ತು ಶೆರ್ಮನ್ ಎಂಬ ಸಂಶೋಧಕರು 1998ರಲ್ಲಿ ಬರೆದಿಟ್ಟರು. ಎಸೆನ್ಷಿಯಲ್ ಟ್ರೆಮರ್ ಬರೀ ಕೈಯ ಉಪದ್ರವ, ನಿರಪಾಯಕಾರಿ ಎಂಬ ಮಾತೂ ಹಾಗೇ ನಿಧಾನಕ್ಕೆ ಸಡಿಲವಾಯಿತು. 2018ರಲ್ಲಿ ತಜ್ಞರು ನಡುಕಗಳನ್ನು ಹೊಸದಾಗಿ ವಿಂಗಡಿಸಿದಾಗ ಎಸೆನ್ಷಿಯಲ್ ಟ್ರೆಮರ್ ಪ್ಲಸ್ ಎಂಬ ಗುಂಪು ಮಾಡಿದರು. ನಡುಕದ ಜೊತೆ ನೇರ ಹೆಜ್ಜೆ ತಪ್ಪುವುದು, ಸಣ್ಣ ಮರೆವು ಇಂಥವು ಇದ್ದವರು ಅದರಲ್ಲಿ ಬರುತ್ತಾರೆ. ವಾಲಿದವನು ನಾನೇ ತಾನೆ, ಅಲ್ಲಿಗೆ ಸೇರಿದೆ.

ಅಂಕಿಸಂಖ್ಯೆಯೂ ಬೇಕಲ್ಲ. ಅಮೆರಿಕದ ಎಲಾನ್ ಲೂಯಿಸ್ ಎಂಬ ನರರೋಗ ತಜ್ಞರ ತಂಡ ಈ ನಡುಕವಿದ್ದ 222 ಜನರನ್ನು ಸರಾಸರಿ ಐದು ವರ್ಷ ಹಿಂಬಾಲಿಸಿ 2024ರಲ್ಲಿ ವಿವರ ಹೊರಗಿಟ್ಟಿತು. ಶುರುವಿನಲ್ಲೇ ಅವರ ಸರಾಸರಿ ವಯಸ್ಸು 79. ಡಿಮೆನ್ಷಿಯಾ ಇದ್ದವರು, ಆಮೇಲೆ ಬಂದವರು ಸೇರಿ ನೂರಕ್ಕೆ ಹತ್ತೊಂಬತ್ತರಷ್ಟು. ಸಾಮಾನ್ಯ ಜನರಿಗಿಂತ ಮೂರು ಪಟ್ಟು, ಪಾರ್ಕಿನ್ಸನ್ ಇದ್ದವರಿಗಿಂತ ಕಡಿಮೆ. ಮಗಳು ಮೂರು ಪಟ್ಟು ಎನ್ನುವುದನ್ನಷ್ಟೇ ಓದಿ ಅತ್ತಳು. ನಾನು ಉಳಿದ ಎಂಬತ್ತೊಂದನ್ನು ತೋರಿಸಿದೆ. ಡಾಕ್ಟರು ಇಬ್ಬರ ಪರವೂ ಮಾತಾಡಲಿಲ್ಲ. ಪ್ರತಿ ವರ್ಷ ಬನ್ನಿ, ಈ ವರ್ಷದ ನಿಮಗೂ ಮುಂದಿನ ವರ್ಷದ ನಿಮಗೂ ಹೋಲಿಸಿ ನೋಡೋಣ ಅಂದರು.

ನಡುಕಕ್ಕೆ ಪ್ರೊಪ್ರನೊಲಾಲ್ ಕೊಟ್ಟರು. ಪ್ರಿಮಿಡೋನ್ ಇನ್ನೊಂದು ಹಳೆಯ ಔಷಧಿ, ಅದು ಮಂಪರು ತರುತ್ತದೆ. ಟೊಪಿರಮೇಟ್ ಕೂಡ ಇದೆ, ಅದರಲ್ಲಿ ಪದ ಸಿಗದೆ ಒದ್ದಾಡುವುದು ಹೆಚ್ಚಾಗಬಹುದು. ನನಗೆ ಮೊದಲೇ ಆ ಒದ್ದಾಟ ಇರುವುದರಿಂದ ಬೇಡ ಎಂದರು. ಮೆದುಳಿಗೆ ತಂತಿ ಇಡುವ ಶಸ್ತ್ರಚಿಕಿತ್ಸೆಯ ಬಗ್ಗೆ ನಾನೇ ಕೇಳಿದೆ. ಅದು ನಡುಕ ಇಳಿಸಬಹುದು, ನೆನಪನ್ನು ಸರಿ ಮಾಡುವುದಿಲ್ಲ, ಮಾಡುವ ಮುಂಚೆ ಇದೇ ಥರದ ತಲೆಯ ಪರೀಕ್ಷೆ ಬೇಕೇ ಬೇಕು ಎಂದರು. ಸದ್ಯಕ್ಕೆ ಬೇಡ.

ನಡುಕ ಪೂರ್ತಿ ಹೋಗಿಲ್ಲ, ಲೋಟ ಮುಕ್ಕಾಲು ತುಂಬಿಸಿದರೆ ಚೆಲ್ಲುವುದಿಲ್ಲ. ಎಡಗಿವಿಗೆ ಯಂತ್ರ ಬಂದಿದೆ. ಬ್ಯಾಂಕಿಗೆ ಹೋಗಿ ಮಾದರಿ ಸಹಿ ಬದಲಿಸಿ ಬಂದೆ, ಈಗ ಹಾಕಲು ಬರುವ ಸಹಿಯನ್ನೇ ಕೊಟ್ಟೆ. ಖಾತೆಗಳನ್ನು ಇಬ್ಬರಲ್ಲಿ ಯಾರಾದರೂ ನಡೆಸುವಂತೆ ಹೆಂಡತಿಯ ಜೊತೆ ಜಂಟಿ ಮಾಡಿದೆ, ನಾಮಿನಿ ಹೆಸರುಗಳನ್ನು ಸರಿಪಡಿಸಿದೆ. ತಲೆ ನೆಟ್ಟಗಿರುವಾಗಲೇ ಇದನ್ನು ಮಾಡಿ ಎಂದು ಕೌಂಟರಿನ ಈಚೆಯಿಂದ ಎಷ್ಟು ಜನಕ್ಕೆ ಹೇಳಿದ್ದೆನೋ. ಓಟಿಪಿ ಬಂದರೆ ಅವಳು ಮೂರು ಮೂರು ಅಂಕಿಯಾಗಿ ಓದುತ್ತಾಳೆ, ನಾನು ಒತ್ತುತ್ತೇನೆ. ಒಂದು ಹೊತ್ತಿಗೆ ಒಂದೇ ಕೆಲಸ. ಟಿವಿ ಆರಿಸಿ ಲೆಕ್ಕ, ಲೆಕ್ಕ ಮುಗಿಸಿ ಮಾತು.

ಪಾಂಡವಪುರದ ಹತ್ತಿರ ಹಳ್ಳಿಯಲ್ಲಿರುವ ತಮ್ಮನ ಕೈಯೂ ನಡುಗುತ್ತದೆ. ಕಬ್ಬು ಕಡಿಸುವ ಕೆಲಸ ಮುಗಿಯಲಿ ಎಂದು ದಿನ ದೂಡುತ್ತಿದ್ದ. ಮೊನ್ನೆ ಫೋನು ಮಾಡಿ, "ಅಣ್ಣ, ನನ್ ತಲೆ ಸರಿಯಾಗೇ ಅದೆ, ಬರೀ ಕೈಗೆ ತೋರಿಸ್ಕಂಡು ಬತ್ತೀನಿ" ಅಂದ. ಸರಿ ಕಣಪ್ಪ, ಕೈಗೇ ತೋರಿಸು ಅಂದೆ. ಅವನಿಗೆ ಚಿಕ್ಕಂದಿನಿಂದ ಉಬ್ಬಸ. ಉಬ್ಬಸ ಇರುವವರಿಗೆ ಪ್ರೊಪ್ರನೊಲಾಲ್ ಆಗಿಬರುವುದಿಲ್ಲ, ಉಸಿರು ಕಟ್ಟಿಸುತ್ತದೆ. ಹೋದ ತಕ್ಷಣ ಮೊದಲು ಅದನ್ನು ಹೇಳು, ನನ್ನ ಮಾತ್ರೆ ಚೀಟಿ ತೋರಿಸಿ ಅಂಗಡಿಯಲ್ಲಿ ತಗೋಬೇಡ ಎಂದು ಎರಡೆರಡು ಸಲ ಹೇಳಿ, ಮಗಳ ನಂಬರು ಕೊಟ್ಟಿದ್ದೇನೆ.